ಮೊಮ್ಮಗನನ್ನು ಬೈಯುವ ಮೊದಲು



ಈ ವಾರ ಬಂದ ಕಾಗದಗಳಲ್ಲಿ ಒಂದನ್ನು ಎರಡು ಸಲ ಓದಿದೆ. ಬರೆದವರು ಹಾಸನ ಜಿಲ್ಲೆಯ ಒಬ್ಬ ಅಜ್ಜಿ, ನಿವೃತ್ತ ಶಿಕ್ಷಕಿ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಅವರ ಮಗ ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದನ್ನು ಅಮ್ಮನಿಗೆ ಕೊಟ್ಟು ಹೋಗಿದ್ದಾನೆ. ಬೇಸಿಗೆ ರಜೆಗೆ ಬಂದ ಮೊಮ್ಮಗ ಅದರಲ್ಲಿ ನಾಲ್ಕು ದಿನ ಆಟ ಆಡಿದ್ದಾನೆ. ಆಮೇಲೆ ಎರಡು ತಿಂಗಳು ಅದು ಕಪಾಟಿನಲ್ಲೇ ಇತ್ತು. ಈಗ ತೆಗೆದರೆ ಕೆಲಸ ಮಾಡುತ್ತಿಲ್ಲ. ಅವರ ಮಾತಿನಲ್ಲೇ ಕೇಳಿ:

"ವೈಫೈ ಸಿಕ್ಕಿದೆ ಎಂದು ತೋರಿಸುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಹುಡುಗ ಏನೋ ಒತ್ತಿ ಕೆಡಿಸಿಟ್ಟು ಹೋಗಿದ್ದಾನೆ ಎಂದು ನನ್ನ ಅನುಮಾನ. ಫೋನಿನಲ್ಲಿ ಕೇಳಿದರೆ ಇಲ್ಲ ಅನ್ನುತ್ತಾನೆ. ಸುಳ್ಳು ಹೇಳುವ ಹುಡುಗನಲ್ಲ, ಆದರೂ... ಅಂದಹಾಗೆ ಪರದೆಯ ಮೂಲೆಯ ಗಡಿಯಾರವೂ ಕೆಟ್ಟಿದೆ. ಯಾವುದೋ ಹಳೇ ವರ್ಷ ತೋರಿಸುತ್ತದೆ. ಅದು ಹೋಗಲಿ ಬಿಡಿ, ನಮ್ಮಲ್ಲಿ ಗೋಡೆ ಗಡಿಯಾರ ಇದೆ."

ಈ ಅಜ್ಜಿಗೆ ಉತ್ತರ ಕೊಡುತ್ತೇನೆ, ಸ್ವಲ್ಪ ತಡೆಯಿರಿ. "ಆದರೂ" ಎಂಬ ಪದದ ಮುಂದಿನ ಮೂರು ಚುಕ್ಕಿ ನನಗೆ ಚುಚ್ಚಿತು. ಯಾಕೆಂದರೆ ಈ ಮಳೆಗಾಲದ ಶುರುವಿನಲ್ಲಿ ನಮ್ಮ ಮನೆಯಲ್ಲೂ ಲ್ಯಾಪ್‌ಟಾಪ್ ವೈಫೈ ಹಿಡಿಯಲಿಲ್ಲ, ನಾನೂ ಮೊಮ್ಮಗಳನ್ನು ಹೀಗೇ ಅನುಮಾನಿಸಿದೆ. ಅನುಮಾನಿಸಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬಾಯಿಬಿಟ್ಟು ಬೈದೆ.

ಈ ಅಂಕಣ ಮೊದಲಿನಿಂದ ಓದುತ್ತಿರುವವರಿಗೆ ನನ್ನ ಕಸುಬು ಗೊತ್ತು. ದೂರವಾಣಿ ಇಲಾಖೆಯಲ್ಲಿ ಲೈನ್‌ಮನ್ ಆಗಿ ಸೇರಿ, ಅಲ್ಲೇ ತಲೆ ಹಣ್ಣಾಗಿ ನಿವೃತ್ತನಾದವನು. ಆಗ ಫೋನ್ ಸತ್ತರೆ ಜನ 198ಕ್ಕೆ ದೂರು ಕೊಡುತ್ತಿದ್ದರು. ದೂರು ಬಂತೆಂದರೆ ನಾನು ಸೈಕಲ್ಲು, ಹಗ್ಗ, ಟೆಸ್ಟ್ ಫೋನು ಹಿಡಿದು ಹೊರಡಬೇಕು. ಟೆಸ್ಟ್ ಫೋನು ಅಂದರೆ ಎರಡು ಕ್ಲಿಪ್ಪು ಇರುವ ಒಂದು ರಿಸೀವರ್. ತಂತಿಗೆ ಸಿಕ್ಕಿಸಿ ಕಿವಿಗಿಟ್ಟರೆ ಡಯಲ್ ಟೋನ್ ಇದೆಯೋ ಇಲ್ಲವೋ ತಿಳಿಯುತ್ತದೆ.

ಮಕ್ಕಳೇ, ಇಲ್ಲಿ ಒಂದು ಚಿಕ್ಕ ಲೆಕ್ಕ. ಎಕ್ಸ್‌ಚೇಂಜಿನಿಂದ ಒಂದು ಹಳ್ಳಿಗೆ 64 ಕಂಬ ಇವೆ ಅಂದುಕೊಳ್ಳಿ. ಎಲ್ಲೋ ಒಂದು ಕಡೆ ತಂತಿ ತುಂಡಾಗಿದೆ. ಮೊದಲ ಕಂಬದಿಂದ ಒಂದೊಂದಾಗಿ ಹತ್ತುತ್ತಾ ಹೋದರೆ ಕತ್ತಲಾಗುತ್ತದೆ, ಮಂಡಿಯೂ ಹೋಗುತ್ತದೆ. ನನ್ನ ಗುರುಗಳು ಕಲಿಸಿದ್ದು ಬೇರೆ. ಸೀದಾ 32ನೆಯ ಕಂಬಕ್ಕೆ ಹೋಗು. ಅಲ್ಲಿ ಟೋನ್ ಕೇಳಿಸಿತೋ, ಅಲ್ಲಿಯವರೆಗೆ ತಂತಿ ಸರಿ, ದೋಷ ಮುಂದಿದೆ. ಕೇಳಿಸಲಿಲ್ಲವೋ, ದೋಷ ಹಿಂದಿದೆ. ಒಂದೇ ಕಂಬ ಹತ್ತಿ 32 ಕಂಬದ ತಲೆನೋವು ಕಳೆದೆ. ಉಳಿದದ್ದರ ನಡುವಿಗೆ ಮತ್ತೆ ಹೋಗು. 64, 32, 16, 8, 4, 2, 1. ಆರು ಸಲ ಹತ್ತುವುದರಲ್ಲಿ ತುಂಡಾದ ಜಾಗ ಸಿಗಲೇಬೇಕು. ಈ ಕಥೆಯನ್ನು ಮೊಮ್ಮಗಳಿಗೆ ಕಡಿಮೆಯೆಂದರೆ ನೂರು ಸಲ ಹೇಳಿದ್ದೇನೆ. ಅವಳಿಗೆ ಅದು ನೆನಪಿತ್ತು. ಮರೆತವನು ನಾನು.

ಅವಳನ್ನು ಮನೆಯಲ್ಲಿ ಪುಟ್ಟಿ ಅನ್ನುತ್ತೇವೆ. ಏಳನೆಯ ತರಗತಿ. ನಮ್ಮದು ಸಾಗರದ ಕಡೆಯ ಹಳ್ಳಿ, ಅಡಿಕೆ ತೋಟದ ನಡುವಿನ ಹಳೇ ಮನೆ. ಜೂನ್ ಒಂದರಿಂದ ಮೂವತ್ತರವರೆಗೆ ಪುಟ್ಟಿ ಅಂಗಳದಲ್ಲಿ ಕತ್ತರಿಸಿದ ಬಾಟಲಿಯ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ ಅಳೆದಿದ್ದಳು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು ಎಂದು ಅವಳೇ ನನಗೆ ಲೆಕ್ಕ ಹಾಕಿ ತೋರಿಸಿದಳು. ಜ್ವರ ಬಂದ ದಿನವೂ ಕೊಡೆ ಹಿಡಿದು ಹೋಗಿ ಅಳೆದು ಬಂದಿದ್ದಾಳೆ. ಅದರ ವರದಿಯನ್ನು, ಹನ್ನೆರಡು ಫೋಟೋ ಸೇರಿಸಿ, ಜುಲೈ ಮೊದಲ ಭಾನುವಾರ ರಾತ್ರಿ 9 ಗಂಟೆಯೊಳಗೆ ಮೇಷ್ಟ್ರಿಗೆ ಇ-ಮೇಲ್ ಮಾಡಬೇಕಿತ್ತು. ಶಾಲೆಯಿಂದ ಒಬ್ಬರ ವರದಿಯನ್ನು ಮಾತ್ರ ಮುಂದಕ್ಕೆ ಕಳಿಸುತ್ತಾರಂತೆ. ಆ ವಾರವೆಲ್ಲ ಕೂತು ಬರೆದಳು. ಬರೆಯುವುದಕ್ಕೆ ಇಂಟರ್ನೆಟ್ ಬೇಡವಲ್ಲ, ಹಾಗಾಗಿ ಲ್ಯಾಪ್‌ಟಾಪ್ ವೈಫೈಗೆ ಸೇರುತ್ತಿದೆಯೋ ಇಲ್ಲವೋ ಯಾರೂ ನೋಡಲಿಲ್ಲ.

ಭಾನುವಾರ ಮಗ ಸೊಸೆ ಮದುವೆಗೆ ಹೋಗಿದ್ದರು. ಸಂಜೆ ಆರೂವರೆಗೆ ಪುಟ್ಟಿ ಲ್ಯಾಪ್‌ಟಾಪ್ ಹಿಡಿದು ಬಂದಳು. "ಅಜ್ಜಾ, ಇದು ವೈಫೈ ಹಿಡೀತಿಲ್ಲ." ನೋಡಿದೆ. ನಮ್ಮ ಮನೆಯ ವೈಫೈ ಹೆಸರು ಪಟ್ಟಿಯಲ್ಲಿ ಕಾಣುತ್ತಿದೆ. ಒತ್ತಿದರೆ ಚುಕ್ಕಿಗಳು ಓಡಾಡುತ್ತವೆ, ಆಮೇಲೆ "ಕ್ಯಾಂಟ್ ಕನೆಕ್ಟ್ ಟು ದಿಸ್ ನೆಟ್‌ವರ್ಕ್" ಎಂಬ ಒಂದು ಸಾಲು. ಯಾಕೆ ಆಗುವುದಿಲ್ಲ ಎಂದು ಹೇಳುವ ಸೌಜನ್ಯ ಅದಕ್ಕಿಲ್ಲ.

ಹಿಂದಿನ ತಿಂಗಳು ಮನೆಯಲ್ಲಿ ಉಪನಯನ ಆಗಿತ್ತು. ಆಗ ಬಂದ ಅವಳ ಚಿಕ್ಕಪ್ಪನ ಮಗ ಪೆನ್ ಡ್ರೈವಿನಲ್ಲಿ ಯಾವುದೋ ಕಾರ್ ಓಡಿಸುವ ಆಟ ತಂದು ಹಾಕಿಕೊಟ್ಟಿದ್ದ. ನನಗೆ ಅದು ನೆನಪಾಯಿತು. "ಆ ಹಾಳು ಆಟ ಹಾಕ್ಬೇಡ ಅಂದಿದ್ದೆ. ವೈರಸ್ ಬಂದಿದೆ. ಒಂದು ವಸ್ತುವನ್ನ ಸರಿಯಾಗಿ ಇಟ್ಕೊಳ್ಳೋಕೆ ಬರಲ್ಲ ನಿಂಗೆ" ಅಂದೆ. ಪುಟ್ಟಿ ಏನೂ ಹೇಳಲಿಲ್ಲ. ಅಟ್ಟದ ಏಣಿಯ ಮೂರನೇ ಮೆಟ್ಟಿಲ ಮೇಲೆ ಹೋಗಿ ಕೂತಳು. ಅದು ಅವಳು ಅಳುವ ಜಾಗ. ಅಡುಗೆಮನೆಯ ಬಾಗಿಲಲ್ಲಿ ನಿಂತ ನಮ್ಮವಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಒಂದು ಗಂಟೆ ನಾನು ಮಾಡಿದ್ದೆಲ್ಲ ತಪ್ಪು. ರೌಟರ್ ಆಫ್ ಮಾಡಿ ಆನ್ ಮಾಡಿದೆ. ಅದು ಸರಿಯಾಗಿ ಎದ್ದು ಕೂರುವುದಕ್ಕೆ ಎರಡು-ಮೂರು ನಿಮಿಷ ಬೇಕು. ಅಷ್ಟು ತಾಳ್ಮೆ ಇಲ್ಲದೆ ಮತ್ತೆ ಆಫ್ ಮಾಡಿದೆ. ಹೀಗೆ ಐದು ಸಲ. ಲ್ಯಾಪ್‌ಟಾಪಿನಲ್ಲಿ ಸಿಕ್ಕಸಿಕ್ಕ ಕೀಲಿ ಒತ್ತಿದೆ. ಆಟವನ್ನು ಅಳಿಸಿ ಹಾಕಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಫೈಬರ್ ಲೈನ್ ನೋಡಿಕೊಳ್ಳುವ ಹುಡುಗನಿಗೆ ಫೋನ್ ಮಾಡಿ ರೇಗಾಡಿದೆ. ಅವನು ಸಮಾಧಾನದಿಂದ, "ಅಜ್ಜ, ನಿಮ್ಮ ಡಬ್ಬಿ ಇಲ್ಲಿಂದ ಆನ್‌ಲೈನ್ ಕಾಣ್ತಾ ಇದೆ. ಎಲ್‌ಒಎಸ್ ಅಂತ ಬರೆದಿರೋ ಕಡೆ ಕೆಂಪು ದೀಪ ಮಿಟುಕ್ತಿದೆಯಾ ನೋಡಿ" ಅಂದ. ನೋಡಿದೆ. ಕೆಂಪು ಇಲ್ಲ. ಕೆಂಪು ಮಿಟುಕಿದರೆ ಹೊರಗಿನಿಂದ ಬರುವ ಬೆಳಕಿನ ಎಳೆ ತುಂಡಾಗಿದೆ ಎಂದರ್ಥ. ಮರ ಬಿದ್ದಿರಬಹುದು, ರಸ್ತೆ ಅಗೆದಿರಬಹುದು. ಆಗ ಮನೆಯೊಳಗೆ ನಾವು ಎಷ್ಟು ಕುಣಿದರೂ ಅಷ್ಟೇ, ದೂರು ಕೊಟ್ಟು ಕಾಯಬೇಕು. ನಮ್ಮಲ್ಲಿ ಆ ದೀಪ ಆರಿತ್ತು, ಪಕ್ಕದ ಹಸಿರು ದೀಪ ಅಲುಗದೆ ನಿಂತಿತ್ತು. ಅಂದರೆ ಹುಡುಗ ಹೇಳಿದ್ದು ಸರಿ.

ಏಳೂ ಮುಕ್ಕಾಲಿಗೆ ಪುಟ್ಟಿ ಏಣಿಯಿಂದ ಇಳಿದು ಬಂದಳು. ಮುಖ ತೊಳೆದುಕೊಂಡಿದ್ದಳು. "ಅಜ್ಜಾ, ನಡುವಿನ ಕಂಬ ಹತ್ತಿ ನೋಡಿದ್ಯಾ?" ಅಂದಳು.

ನಾಚಿಕೆಯಾಯಿತು. ಇಬ್ಬರೂ ಜಗಲಿಯಲ್ಲಿ ಕೂತೆವು. ಅವಳು ಹಾಳೆಯ ಮೇಲೆ ಕಂಬಗಳನ್ನು ಬರೆದಳು. ಲ್ಯಾಪ್‌ಟಾಪು. ನಡುವೆ ಗಾಳಿ. ಆಮೇಲೆ ರೌಟರ್. ಆಮೇಲೆ ಫೈಬರ್, ಕಂಪನಿಯ ಯಂತ್ರ, ಅದರಾಚೆ ಲೋಕ.

ಅಜ್ಜ-ಅಜ್ಜಿಯರು ಇಲ್ಲಿ ಒಂದು ವಿಷಯ ಗಮನಿಸಬೇಕು. ವೈಫೈ ಬೇರೆ, ಇಂಟರ್ನೆಟ್ ಬೇರೆ. ವೈಫೈ ಅಂದರೆ ಲ್ಯಾಪ್‌ಟಾಪಿನಿಂದ ರೌಟರಿನ ತನಕ ಮನೆಯೊಳಗಿನ ರೇಡಿಯೋ ಮಾತು, ಅಷ್ಟೇ. ಮನೆಯ ಅಂಗಳದಿಂದ ಗೇಟಿನವರೆಗಿನ ಕಾಲುದಾರಿ ಇದ್ದ ಹಾಗೆ. ಗೇಟಿನಾಚೆಯ ಡಾಂಬರು ರಸ್ತೆ ಇಂಟರ್ನೆಟ್ಟು. ಕಾಲುದಾರಿ ಚೆನ್ನಾಗಿದ್ದು ರಸ್ತೆ ಕೊಚ್ಚಿಹೋಗಿರಬಹುದು. ಆಗ ಪರದೆಯಲ್ಲಿ "ಕನೆಕ್ಟೆಡ್, ನೋ ಇಂಟರ್ನೆಟ್" ಎಂಬಂಥ ಮಾತು ಬರುತ್ತದೆ. ರಸ್ತೆ ಚೆನ್ನಾಗಿದ್ದು ಕಾಲುದಾರಿಗೆ ಮರ ಬಿದ್ದಿರಬಹುದು. ಆಗ ಕನೆಕ್ಟ್ ಆಗುವುದೇ ಇಲ್ಲ. ಎರಡಕ್ಕೂ ನಾವು "ನೆಟ್ ಇಲ್ಲ" ಎಂಬ ಒಂದೇ ಮಾತು ಹೇಳಿಬಿಡುತ್ತೇವೆ.

ನಮ್ಮ ಮೊದಲ ನಡುಗಂಬ ಮೊಬೈಲ್ ಫೋನು. ಅದೇ ರೌಟರಿಗೆ ಫೋನ್ ಸೇರಿ ಕೆಲಸ ಮಾಡಿದರೆ, ರೌಟರಿನಿಂದ ಆಚೆಗೆ ಎಲ್ಲ ಸರಿ ಎಂದಾಯಿತು. ನಾನು ತಂಗಿಗೆ ಒಂದು ಮೆಸೇಜ್ ಕಳಿಸಿದೆ. ಹೋಯಿತು. "ವೈಫೈ ಸರಿ ಇದೆ" ಅಂದೆ. ಪುಟ್ಟಿ ತಲೆ ಅಲ್ಲಾಡಿಸಿದಳು. "ಅಜ್ಜಾ, ಅದು ಸಿಮ್ಮಿನ ಡೇಟಾದಲ್ಲಿ ಹೋಗಿರ್ಬಹುದು. ಡೇಟಾ ಆಫ್ ಮಾಡಿ ನೋಡು." ಇಂಥ ಮೋಸಕ್ಕೆ ಬೀಳುವವರು ಬಹಳ ಮಂದಿ. ಫೋನು ಒಂದು ದಾರಿ ಮುಚ್ಚಿದರೆ ಸದ್ದಿಲ್ಲದೆ ಇನ್ನೊಂದು ದಾರಿ ಹಿಡಿಯುತ್ತದೆ. ನಾವು ಅದನ್ನು ನೋಡಿ ವೈಫೈ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಮೊಬೈಲ್ ಡೇಟಾ ಆಫ್ ಮಾಡಿದೆವು. ವೈಫೈ ಒಂದರ ಮೇಲೇ ಯಕ್ಷಗಾನದ ವಿಡಿಯೋ ತೆರೆಯಿತು, ಚೆಂಡೆ ಕೇಳಿಸಿತು. ಸರಿ. ಫೈಬರ್, ರೌಟರ್ ಎರಡೂ ನಿರಪರಾಧಿ.

ಎರಡನೆಯ ಕಂಬ ಪುಟ್ಟಿಯದೇ ಉಪಾಯ. ಫೋನಿನಲ್ಲಿ ಹಾಟ್‌ಸ್ಪಾಟ್ ಎಂದು ಇರುತ್ತದೆ. ಅದನ್ನು ಆನ್ ಮಾಡಿದರೆ ಫೋನೇ ಒಂದು ಪುಟಾಣಿ ರೌಟರ್ ಆಗುತ್ತದೆ. ಲ್ಯಾಪ್‌ಟಾಪ್ ಅದಕ್ಕೆ ಸೇರುತ್ತದೆಯೇ? ಡೇಟಾ ಮತ್ತೆ ಆನ್ ಮಾಡಿ ನೋಡಿದೆವು. ಸೇರಿತು! ಮೊದಲ ಪುಟ ನಿಧಾನವಾಗಿ, ಬಸವನ ಹುಳುವಿನ ಹಾಗೆ, ತೆರೆದುಕೊಂಡಿತು. ಅಂದರೆ ಲ್ಯಾಪ್‌ಟಾಪಿನ ವೈಫೈ ರೇಡಿಯೋ ಕೆಟ್ಟಿಲ್ಲ. ಏರೋಪ್ಲೇನ್ ಮೋಡ್ ಬಿದ್ದಿಲ್ಲ. ವೈರಸ್ಸಿನ ಮಾತು ದೂರವೇ ಉಳಿಯಿತು.

ಪುಟ್ಟಿ ನನ್ನ ಮುಖ ನೋಡಿದಳು. "ಹಾಗಾದ್ರೆ ಆಟದಿಂದ ಅಲ್ಲ" ಅಂದಳು. ಬೇರೇನೂ ಅನ್ನಲಿಲ್ಲ.

ಹಾಟ್‌ಸ್ಪಾಟಿನಲ್ಲೇ ಕಳಿಸಿಬಿಡಬಹುದಿತ್ತಲ್ಲ ಎಂದು ಜಾಣ ಮಕ್ಕಳು ಕೇಳುತ್ತೀರಿ. ನಾವೂ ಅದೇ ಮಾಡಿದೆವು. ನಮ್ಮ ತೋಟದ ಮನೆಗೆ ಮೊಬೈಲ್ ಸಿಗ್ನಲ್ ಒಂದು ಕಡ್ಡಿ, ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊರಗೆ ಜಡಿಮಳೆ ಬೇರೆ. ಹದಿನೆಂಟು ಎಂಬಿ ತೂಕದ ವರದಿ ಹತ್ತು ನಿಮಿಷಕ್ಕೆ ನಾಲ್ಕು ಪರ್ಸೆಂಟ್ ಹತ್ತಿ ನಿಂತಿತು. ಗಂಟೆ ಎಂಟು.

ಈಗ ಉಳಿದದ್ದು ಒಂದೇ ಜಾಗ. ಲ್ಯಾಪ್‌ಟಾಪ್ ಒಳ್ಳೆಯದು, ರೌಟರ್ ಒಳ್ಳೆಯದು, ಇವರಿಬ್ಬರು ಮಾತ್ರ ಒಬ್ಬರಿಗೊಬ್ಬರು ಮಾತಾಡುತ್ತಿಲ್ಲ. ಇಬ್ಬರ ನಡುವೆ ಇರುವುದೇನು? ಪಾಸ್‌ವರ್ಡ್. "ಯಾರಾದ್ರೂ ಪಾಸ್‌ವರ್ಡ್ ಬದಲಾಯಿಸಿದ್ರಾ?" ಎಂದು ಪುಟ್ಟಿ ಕೇಳಿದಳು. "ಇಲ್ಲ" ಅಂದೆ ನಾನು, ಗಟ್ಟಿಯಾಗಿ.

ಒಳಗಿನಿಂದ ನಮ್ಮವಳ ದನಿ ಬಂತು. "ಅಲ್ರೀ, ಜೂನ್ ಕೊನೇ ಮಂಗಳವಾರ ಆ ಫೈಬರ್ ಹುಡುಗ ಬಂದಾಗ ನೀವೇ ಅಲ್ವಾ ಹೇಳಿದ್ದು, ಉಪನಯನಕ್ಕೆ ಬಂದೋರೆಲ್ಲ ನಮ್ಮ ವೈಫೈ ಪಾಸ್‌ವರ್ಡ್ ತಗೊಂಡು ಹೋಗಿದಾರೆ, ಬದಲಾಯಿಸಿ ಕೊಡು ಅಂತ? ಅವನು ನಮ್ಮ ನಾಲ್ಕೂ ಫೋನಿಗೆ ಹೊಸದು ಹಾಕಿ ಕೊಟ್ಟ."

ಹೌದು. ಲ್ಯಾಪ್‌ಟಾಪ್ ಆಗ ಪುಟ್ಟಿಯ ಚೀಲದಲ್ಲಿತ್ತು. ಅದಕ್ಕೆ ಯಾರೂ ಹೇಳಲಿಲ್ಲ. ಬೀಗ ಬದಲಾಯಿಸಿ, ಮನೆಯ ಒಬ್ಬಳಿಗೆ ಮಾತ್ರ ಹೊಸ ಕೀಲಿಕೈ ಕೊಡದೆ, ಬಾಗಿಲು ತೆಗೆಯಲು ಬರುವುದಿಲ್ಲ ಎಂದು ಅವಳನ್ನೇ ಬೈದ ಹಾಗಾಯಿತು ನನ್ನ ಕಥೆ.

ಪಾಸ್‌ವರ್ಡ್ ತಪ್ಪಾದರೆ ತಪ್ಪು ಎಂದು ಲ್ಯಾಪ್‌ಟಾಪ್ ಯಾಕೆ ನೇರವಾಗಿ ಹೇಳುವುದಿಲ್ಲ? ಇದು ಸ್ವಾರಸ್ಯವಾದ ಸಂಗತಿ. ಲ್ಯಾಪ್‌ಟಾಪು ರೌಟರಿಗೆ ಪಾಸ್‌ವರ್ಡನ್ನು ಹೇಳುವುದೇ ಇಲ್ಲ. ಗಾಳಿಯಲ್ಲಿ ಹೇಳಿದರೆ ದಾರಿಯಲ್ಲಿ ಹೋಗುವವನ ಯಂತ್ರಕ್ಕೂ ಕೇಳಿಸುತ್ತದಲ್ಲ! ಅದಕ್ಕೆ ಇಬ್ಬರೂ ಯದ್ವಾತದ್ವಾ ಆರಿಸಿದ ಒಂದೊಂದು ಸಂಖ್ಯೆಯನ್ನು ಬಹಿರಂಗವಾಗಿ ಕೊಟ್ಟುಕೊಳ್ಳುತ್ತಾರೆ. ಆ ಸಂಖ್ಯೆಗಳ ಜೊತೆ ತಮಗೆ ಗೊತ್ತಿರುವ ಪಾಸ್‌ವರ್ಡ್ ಬೆರೆಸಿ ಒಂದು ದೊಡ್ಡ ಲೆಕ್ಕ ಮಾಡಿ, ಉತ್ತರ ತಾಳೆ ನೋಡುತ್ತಾರೆ. ಉತ್ತರ ಒಂದೇ ಬಂದರೆ ಇಬ್ಬರ ಬಳಿ ಇರುವ ಗುಟ್ಟೂ ಒಂದೇ. ಬೇರೆ ಬಂದರೆ ಮಾತು ಮುರಿಯುತ್ತದೆ, ಅಷ್ಟೇ. ಎಲ್ಲಿ ತಪ್ಪಿತು ಎಂದು ಯಾರೂ ವಿವರಿಸುವುದಿಲ್ಲ. ಲ್ಯಾಪ್‌ಟಾಪು ತಾನು ಕಲಿತ ಹಳೇ ಪಾಸ್‌ವರ್ಡನ್ನೇ ನಂಬಿಕೊಂಡು, ಪಾಪ, ಮತ್ತೆ ಮತ್ತೆ ಅದೇ ತಪ್ಪು ಲೆಕ್ಕ ಮಾಡುತ್ತಿತ್ತು.

ಇದಕ್ಕೆ ಮದ್ದು ಅದನ್ನು ಮರೆಸುವುದು. ಪರದೆಯ ಬಲಮೂಲೆಯ ವೈಫೈ ಗುರುತು ಒತ್ತಿ, ಪಟ್ಟಿಯಲ್ಲಿ ನಮ್ಮ ಮನೆಯ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ "ಫರ್ಗೆಟ್" ಎಂದು ಬರುತ್ತದೆ. ಅದನ್ನು ಒತ್ತಿದರೆ ಹಳೇ ಪಾಸ್‌ವರ್ಡ್ ಅಳಿಸಿಹೋಗುತ್ತದೆ. ಮತ್ತೆ ಸೇರಲು ಹೋದರೆ ಹೊಸದಾಗಿ ಕೇಳುತ್ತದೆ.

ಕೇಳಿತು. ಹೊಸದು ಯಾವುದು? ನಾನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೆ. ಗೋಡೆಯಲ್ಲಿ ಜುಲೈ ನಗುತ್ತಿತ್ತು. ಹಿಂದಕ್ಕೆ ಮಡಚಿದ ಜೂನ್ ಹಾಳೆ ಹುಡುಕಿ, ಹಾಲಿನ ಲೆಕ್ಕದ ಪಕ್ಕ ನನ್ನ ಬರಹ ಹಿಡಿದೆವು. ಪುಟ್ಟಿ ಓದಿ ಟೈಪ್ ಮಾಡಿದಳು. ಆಗಲಿಲ್ಲ. ಇನ್ನೊಮ್ಮೆ. ಆಗಲಿಲ್ಲ. ದೊಡ್ಡಕ್ಷರ ಸಣ್ಣಕ್ಷರ ನೋಡಿದೆವು, ಏಕೆಂದರೆ ಇಂಗ್ಲಿಷಿನ ದೊಡ್ಡ 'ಎ' ಬೇರೆ, ಸಣ್ಣ 'ಎ' ಬೇರೆ ಎಂದೇ ಅದು ತಿಳಿಯುತ್ತದೆ. ಕ್ಯಾಪ್ಸ್ ಲಾಕ್ ದೀಪ ನೋಡಿದೆವು. ಕೀಲಿಮಣೆ ಕನ್ನಡಕ್ಕೆ ತಿರುಗಿದೆಯೇ ಎಂದೂ ನೋಡಿದೆವು. ಎಲ್ಲ ಸರಿ. ಎಂಟೂ ಇಪ್ಪತ್ತು.

ಆಗ ನಮ್ಮವಳು ಕನ್ನಡಕ ಹಾಕಿಕೊಂಡು ಬಂದು ಕ್ಯಾಲೆಂಡರ್ ನೋಡಿದಳು. "ಇದು ಸೊನ್ನೆ ಅಲ್ಲ ಮಗಾ, ಇದು ಕನ್ನಡದ ಒಂದು." ನಾನು ಹಳೇ ಅಭ್ಯಾಸದಲ್ಲಿ ಅಂಕಿಗಳನ್ನು ಕನ್ನಡದಲ್ಲಿ ಬರೆದಿದ್ದೆ. ಅವಸರದಲ್ಲಿ ಬರೆದ ೧ ಕೆಳಗಡೆ ಕೂಡಿಕೊಂಡು ಸೊನ್ನೆಯಂತೆಯೇ ಕಂಡಿತ್ತು. ನಲವತ್ತು ವರ್ಷ ನನ್ನ ಅಕ್ಷರ ಓದಿದವಳಿಗೆ ಮಾತ್ರ ಗೊತ್ತಾಗುವ ಸಂಗತಿ. ಸೊನ್ನೆಯ ಜಾಗದಲ್ಲಿ 1 ಒತ್ತಿದಳು ಪುಟ್ಟಿ. "ಕನೆಕ್ಟೆಡ್."

ಕಳಿಸಲು ಶುರು ಮಾಡಿದರೆ ಅದೂ ಕುಂಟಿತು. ಅವಳು ಕೂತಿದ್ದು ಹಿಂದಿನ ಕೋಣೆ, ರೌಟರ್ ಇರುವುದು ಜಗಲಿಯಲ್ಲಿ. ನಡುವೆ ಎರಡು ಜಂಬಿಟ್ಟಿಗೆ ಗೋಡೆ, ಒಂದು ಕಬ್ಬಿಣದ ಬೀರು. ನಮ್ಮ ಹಿರಿಯರು ಮಳೆ, ಬಿಸಿಲು, ಕಳ್ಳ ಯಾವುದೂ ದಾಟದ ಹಾಗೆ ಕಟ್ಟಿದ ಗೋಡೆ ಅದು. ವೈಫೈ ಬರುತ್ತದೆಂದು ಅವರಿಗೆ ಯಾರು ಹೇಳಿದ್ದರು? ರೌಟರಿನಿಂದ ಹೊರಡುವ ಅಲೆಗಳು ಎರಡು ಬಗೆಯವು. 2.4 ಗಿಗಾಹರ್ಟ್ಸ್‌ನದ್ದು ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಉದ್ದದ ಅಲೆ, ಅಂದರೆ ಅರ್ಧ ಗೇಣಿಗಿಂತ ಚೂರು ಹೆಚ್ಚು. ಗೋಡೆಗಳನ್ನು ಒಂದಿಷ್ಟು ದಾಟಿಕೊಂಡು ಬರುತ್ತದೆ. 5 ಗಿಗಾಹರ್ಟ್ಸ್‌ನದ್ದು ಅದರ ಅರ್ಧದಷ್ಟು ಉದ್ದ. ಓಟದಲ್ಲಿ ಚುರುಕು, ಗೋಡೆ ಕಂಡರೆ ಸುಸ್ತು. ರೌಟರಿಗೆ ಎರಡು ಹೆಸರು ಇದ್ದು ಒಂದರ ಕೊನೆಯಲ್ಲಿ 5ಜಿ ಎಂದಿದ್ದರೆ ಅದು ಈ ಎರಡನೆಯದು. ಫೋನಿನ 5ಜಿಗೂ ಇದಕ್ಕೂ ಸಂಬಂಧವಿಲ್ಲ. ಕೆಲವು ಹಳೇ ಲ್ಯಾಪ್‌ಟಾಪುಗಳಿಗೆ 5ರದ್ದು ಕಾಣುವುದೇ ಇಲ್ಲ. ಹೊಸ ರೌಟರ್ ಬಂದ ಮೇಲೆ "ಹೆಸರೇ ತೋರಿಸ್ತಿಲ್ಲ" ಎಂದು ದೂರುವವರು ಇದನ್ನು ನೋಡಬೇಕು. ಲೋಹ, ಕನ್ನಡಿ, ನೀರು ತುಂಬಿದ ಡ್ರಮ್ಮು, ಇವೆಲ್ಲ ಅಲೆಗೆ ಅಡ್ಡಿ. ಮೈಕ್ರೊವೇವ್ ಒಲೆಯೂ 2.4ರ ಆಸುಪಾಸಿನಲ್ಲೇ ಕೆಲಸ ಮಾಡುವುದರಿಂದ ಅನ್ನ ಬಿಸಿಯಾಗುವಷ್ಟು ಹೊತ್ತು ಪಕ್ಕದ ವೈಫೈ ತೊದಲಬಹುದು. ರೌಟರನ್ನು ಚೆಂದ ಕಾಣುವುದಿಲ್ಲವೆಂದು ಟಿವಿ ಹಿಂದೆಯೋ ಕಪಾಟಿನೊಳಗೋ ಅಡಗಿಸುವವರಿಗೆ ನನ್ನದೊಂದು ವಿನಂತಿ: ದೇವರ ದೀಪವನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಹಾಕುತ್ತೀರಾ?

ತಂತಿಯಿಲ್ಲದ ಅಲೆ ಗೋಡೆ ದಾಟುತ್ತದೆ ಎಂಬುದನ್ನು 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಜನರ ಮುಂದೆ ತೋರಿಸಿದವರು ನಮ್ಮವರೇ ಆದ ಜಗದೀಶ ಚಂದ್ರ ಬೋಸರು. ಒಂದು ಕಡೆ ಅಲೆ ಹುಟ್ಟಿಸಿ, ಗೋಡೆಯಾಚೆ ಗಂಟೆ ಬಾರಿಸಿದರು. ಆ ಗೋಡೆಗಳ ಮುಂದೆ ನಮ್ಮ ಬೀರು ಯಾವ ಲೆಕ್ಕ ಎಂದು ಪುಟ್ಟಿಗೆ ಹೇಳಲು ಹೊರಟೆ. "ಅಜ್ಜಾ, ಕಥೆ ಆಮೇಲೆ" ಎಂದು ಲ್ಯಾಪ್‌ಟಾಪ್ ಎತ್ತಿಕೊಂಡು ಜಗಲಿಗೆ ಓಡಿ ರೌಟರಿನ ಕೆಳಗೇ ಚಕ್ಕಳಮಕ್ಕಳ ಹಾಕಿ ಕೂತಳು. ಎಂಟೂ ನಲವತ್ತೇಳಕ್ಕೆ ವರದಿ ಹೋಯಿತು. ಎರಡು ನಿಮಿಷಕ್ಕೆ ಮೇಷ್ಟ್ರಿಂದ "ತಲುಪಿತು" ಎಂದು ಬಂತು. ಮರುಗಳಿಗೆಯಲ್ಲೇ ಕರೆಂಟು ಹೋಯಿತು!

ಕತ್ತಲೆಯಲ್ಲಿ ಹೇಳುವುದು ಸುಲಭ. "ಪುಟ್ಟೀ, ತಪ್ಪಾಯ್ತು. ನೋಡದೆ ಬೈದೆ" ಅಂದೆ. ಸ್ವಲ್ಪ ಹೊತ್ತು ಮಳೆಯ ಸದ್ದು. ಆಮೇಲೆ ಅವಳು, "ಬರೆದು ಕೊಡು" ಅಂದಳು.

ಈಗ ಹಾಸನದ ಅಜ್ಜಿಯವರಿಗೆ. ಅಮ್ಮಾ, ನೀವು "ಹೋಗಲಿ ಬಿಡಿ" ಅಂದ ಗಡಿಯಾರದಲ್ಲೇ ನಿಮ್ಮ ಉತ್ತರ ಇದೆ ಎಂದು ನನಗೆ ಅನ್ನಿಸುತ್ತದೆ. ಇವತ್ತು ಬಹುಪಾಲು ಜಾಲತಾಣಗಳು ತಾವು ನಿಜವಾದವೇ ಎಂದು ತೋರಿಸಲು ಒಂದು ಪ್ರಮಾಣಪತ್ರ ಇಟ್ಟುಕೊಂಡಿರುತ್ತವೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಬರೆದಿರುತ್ತದೆ, ಬಸ್ ಪಾಸಿನ ಹಾಗೆ. ನಿಮ್ಮ ಲ್ಯಾಪ್‌ಟಾಪ್ ಅದನ್ನು ತನ್ನ ಗಡಿಯಾರದ ಜೊತೆ ಹೋಲಿಸುತ್ತದೆ. ತಾನು ಇನ್ನೂ ಯಾವುದೋ ಹಳೇ ವರ್ಷದಲ್ಲಿದ್ದೇನೆ ಎಂದುಕೊಂಡ ಲ್ಯಾಪ್‌ಟಾಪಿಗೆ ಎಲ್ಲರ ಪಾಸೂ ಇನ್ನೂ ಶುರುವಾಗದ ಪಾಸಿನ ಹಾಗೆ ಕಾಣುತ್ತದೆ. ಹಾಗಾಗಿ ಯಾರನ್ನೂ ಒಳಗೆ ಬಿಡುವುದಿಲ್ಲ. ವೈಫೈ ಸಿಕ್ಕಿದ್ದೂ ಪುಟ ತೆರೆಯದಿರುವುದು ಅದಕ್ಕೇ. ನಿಮ್ಮ ಪರದೆಯಲ್ಲಿ ಗಡಿಯಾರದ ಬಗ್ಗೆಯೋ, ಸಂಪರ್ಕ ಸುರಕ್ಷಿತವಲ್ಲ ಎಂದೋ ಇಂಗ್ಲಿಷಿನಲ್ಲಿ ಏನಾದರೂ ಬರುತ್ತಿದೆಯೇ, ಓದಿ ನೋಡಿ.

ಸೆಟ್ಟಿಂಗ್ಸ್‌ನಲ್ಲಿ ಟೈಮ್ ಆ್ಯಂಡ್ ಲ್ಯಾಂಗ್ವೇಜ್ ಎಂಬಲ್ಲಿ ಹೋಗಿ ದಿನಾಂಕ, ವೇಳೆ, ವರ್ಷ ಮೂರನ್ನೂ ಕೈಯಾರೆ ಸರಿಮಾಡಿ. ಆಮೇಲೆ ಪುಟ ತೆರೆದು ನೋಡಿ. ಒಮ್ಮೆ ಸರಿಯಾಗಿ, ಬ್ಯಾಟರಿ ಪೂರ್ತಿ ಇಳಿದಾಗ ಮತ್ತೆ ಹಳೇ ವರ್ಷಕ್ಕೆ ಹೋದರೆ, ಒಳಗಿನ ಚಿಕ್ಕ ಬಿಲ್ಲೆ ಬ್ಯಾಟರಿ ಮುಗಿದಿದೆ ಎಂದು ತಿಳಿಯಿರಿ. ಹಲವು ಹಳೇ ಲ್ಯಾಪ್‌ಟಾಪುಗಳಲ್ಲಿ ಗಡಿಯಾರ ನಡೆಯುವುದು ಅದರಿಂದ. ಸಾಮಾನ್ಯವಾಗಿ ಅದು ಇಪ್ಪತ್ತು ಮಿಲಿಮೀಟರ್ ಅಗಲದ, ನಾಣ್ಯದಂಥ 3 ವೋಲ್ಟಿನ ಬ್ಯಾಟರಿ. ಹೊಸದಿರುವಾಗ ವರ್ಷಗಟ್ಟಲೆ ಬಾಳುತ್ತದೆ. ಅದು ಮುಗಿಯುತ್ತಾ ಬಂದಿದ್ದು, ನೀವು ಲ್ಯಾಪ್‌ಟಾಪನ್ನು ಎರಡು ತಿಂಗಳು ಕಪಾಟಿನಲ್ಲಿಟ್ಟಾಗ ದೊಡ್ಡ ಬ್ಯಾಟರಿಯೂ ಖಾಲಿಯಾಗಿ, ಎರಡೂ ಇಲ್ಲದೆ ಗಡಿಯಾರ ಹಿಂದಕ್ಕೆ ಹೋಗಿರಬೇಕು. ರಿಪೇರಿ ಅಂಗಡಿಯಲ್ಲಿ ಹಾಕಿಸಿ, ನೀವೇ ಬಿಚ್ಚಲು ಹೋಗಬೇಡಿ. ಆ ಬಿಲ್ಲೆಯನ್ನು ಚಿಕ್ಕ ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ನುಂಗಿದರೆ ಜೀವಕ್ಕೇ ಅಪಾಯ.

ನಿಮ್ಮ ಹುಡುಗ ಆಟ ಆಡಿದ್ದು ಬೇಸಿಗೆಯಲ್ಲಿ. ಗಡಿಯಾರ ಕೆಟ್ಟಿದ್ದು ಅವನು ಹೋದ ಮೇಲೆ, ಕಪಾಟಿನ ಕತ್ತಲೆಯಲ್ಲಿ. ಅವನು "ಇಲ್ಲ" ಅಂದಿದ್ದನಲ್ಲ.

ಅಂದು ರಾತ್ರಿ ಪುಟ್ಟಿ ಬರೆದು ಕೊಡು ಅಂದದ್ದಕ್ಕೆ ಒಂದು ನೋಟ್‌ಬುಕ್ ಹುಟ್ಟಿಕೊಂಡಿತು. ಮೇಲೆ '198' ಎಂದು ಬರೆದು, ನಮ್ಮ ಇಲಾಖೆಯ ದೂರು ಪುಸ್ತಕದ ಹಾಗೆ ಕಲಂ ಹಾಕಿದ್ದಾಳೆ. ದೂರು ಏನು, ದೋಷ ಎಲ್ಲಿ, ಸರಿಪಡಿಸಿದವರು ಯಾರು. ಮೊದಲ ಸಾಲು ಅವಳು ಹೇಳಿದಂತೆ ನನ್ನ ಕೈಯಲ್ಲೇ ಬರೆಸಿದಳು. ದೂರು: ಲ್ಯಾಪ್‌ಟಾಪ್ ವೈಫೈ ಹಿಡಿಯುತ್ತಿಲ್ಲ. ದೋಷ: ಅಜ್ಜ. ಸರಿಪಡಿಸಿದವರು: ಅಜ್ಜಿ. ಅಂಕಿಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ತಾಕೀತು ಬೇರೆ.

ಅಜ್ಜಿಯವರ ಕಾಗದವನ್ನು ಅವಳಿಗೂ ಓದಿ ಹೇಳಿದೆ. ಏಳನೆಯ ದೂರಾಗಿ ದಾಖಲಾಗಿದೆ. ದೋಷ ಎಲ್ಲಿ ಎಂಬ ಕಲಮಿನಲ್ಲಿ "ಬಿಲ್ಲೆ ಬ್ಯಾಟರಿ ಇರಬಹುದು, ಮೊಮ್ಮಗ ಅಲ್ಲ" ಎಂದು ಬರೆದಿದ್ದಾಳೆ. ಕೊನೆಯ ಕಲಂ ಇನ್ನೂ ಖಾಲಿ ಇದೆ. ಪುಟ ತೆರೆಯಿತೋ ಇಲ್ಲವೋ, ಒಂದು ಕಾಗದ ಹಾಕಿ.